ವರ್ಷಗಟ್ಟಲೆ ನಿಂತ ಅಂಬಾಸಿಡರ್ ಎಂಜಿನ್: ಹಾಟ್ ರಾಡ್ ಕೆಲಸಕ್ಕೆ ಮೊದಲು ದೋಷ ಹುಡುಕುವ ಕ್ರಮ

ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ವರ್ಷಗಟ್ಟಲೆ ನಿಂತ ಮನೆಯ ಅಂಬಾಸಿಡರನ್ನು ಹಾಟ್ ರಾಡ್ (ಎಂಜಿನ್ ಶಕ್ತಿ ಹೆಚ್ಚಿಸಿ ಬದಲಾಯಿಸಿದ ಹಳೆಯ ಕಾರು) ಮಾಡಹೊರಟವರು ಹೆಚ್ಚಾಗಿ ಒಂದೇ ಕಡೆ ಎಡವುತ್ತಾರೆ. ಎಂಜಿನ್ ಮೂಲ ಸ್ಥಿತಿಯಲ್ಲಿ ನೆಟ್ಟಗೆ ಓಡುತ್ತದೋ ಇಲ್ಲವೋ ಅಳೆದು ನೋಡುವ ಮೊದಲೇ ಜೋಡಿ ಕಾರ್ಬುರೇಟರ್ ಕೂರಿಸಿಬಿಡುತ್ತಾರೆ. ಆಮೇಲೆ ಮಿಸ್ಸಿಂಗ್, ಅಂದರೆ ಸಿಲಿಂಡರ್ ಆಗಾಗ ಉರಿಯದೆ ಹೋಗುವುದು, ಬಂದರೆ ಅದು ಹಳೆಯ ವಾಲ್ವಿನದೋ ಹೊಸ ಕಾರ್ಬುರೇಟರಿನದೋ ಹೇಳುವುದು ಹೇಗೆ? ಅದಕ್ಕೇ ಇಲ್ಲಿಯ ಕ್ರಮ ಬೇರೆ. ಮೊದಲು ಎಂಜಿನ್ನನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ತನ್ನಿ, ಅಳತೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಶಕ್ತಿ ಹೆಚ್ಚಿಸುವ ಮಾತು ಅದಾದ ಮೇಲೆ.

ಇಲ್ಲಿ ಹೇಳುವುದೆಲ್ಲ 1489 ಸಿಸಿ ಪೆಟ್ರೋಲ್ ಎಂಜಿನ್ನಿಗೆ ಮಾತ್ರ. ಡೀಸೆಲ್ಲಿಗೂ ಆಮೇಲೆ ಬಂದ 1.8 ಇಸುಜು ಎಂಜಿನ್ನಿಗೂ ಈ ಅಂಕಿಗಳು ಹೊಂದುವುದಿಲ್ಲ. 1489 ಸಿಸಿ ಎಂದರೆ ಬ್ರಿಟನ್ನಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್. ಬೋರ್ (ಸಿಲಿಂಡರಿನ ಒಳ ಅಗಲ) 73.025 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ-ಕೆಳಗೆ ಓಡುವ ದೂರ) 88.9 ಮಿ.ಮೀ. ಇದೇ ಕುಟುಂಬದ ಎಂಜಿನ್ 1955ರ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿತ್ತು. 1962ರ ಎಂಜಿಬಿಯಲ್ಲಿ ಇದೇ ಸ್ಟ್ರೋಕ್ ಉಳಿಸಿಕೊಂಡು ಬೋರ್ ಹಿಗ್ಗಿಸಿ 1798 ಸಿಸಿ ಮಾಡಿದರು. ಹಾಗಾಗಿ ಇದನ್ನು ಹಾಟ್ ರಾಡ್‌ಗೆ ಆರಿಸಿಕೊಳ್ಳುವುದರಲ್ಲಿ ಅರ್ಥವಿದೆ. ಕ್ರ್ಯಾಂಕಿಗೆ, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟಿಗೆ, ಮೂರೇ ಮೇನ್ ಬೇರಿಂಗ್ ಇರುವುದನ್ನು ಮಾತ್ರ ಕೊನೆಯವರೆಗೂ ನೆನಪಿಡಬೇಕು.

ಲೇತ್ ಅಂಗಡಿಯಲ್ಲಿ ಮಾತು ನಡೆಯುವುದು ಥೌ ಲೆಕ್ಕದಲ್ಲಿ. ಒಂದು ಥೌ ಎಂದರೆ ಅಂಗುಲದ ಸಾವಿರದಲ್ಲೊಂದು ಪಾಲು, 0.0254 ಮಿ.ಮೀ. ಮುಂದೆ ಎರಡೂ ಲೆಕ್ಕ ಕೊಟ್ಟಿದೆ.

ಕೀ ಮುಟ್ಟುವ ಮೊದಲು

ಸೆಲ್ಫ್ ಹೊಡೆದು ನೋಡುವ ಆಸೆಯನ್ನು ಮೊದಲ ದಿನ ತಡೆದುಕೊಳ್ಳಿ. ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಯ ಮೇಲೆ ಒತ್ತಿ. ಮಜ್ಜಿಗೆಯ ಬಣ್ಣ ಕಂಡರೆ ಆಯಿಲ್‌ಗೆ ನೀರು ಸೇರಿದೆ. ಪೆಟ್ರೋಲ್ ವಾಸನೆ ಬಂದು ಮಟ್ಟವೂ ಏರಿದ್ದರೆ ಕಾರ್ಬುರೇಟರಿನ ನೀಡಲ್ ವಾಲ್ವ್ ಸೋರಿದೆ, ಇಲ್ಲವೇ ಪೆಟ್ರೋಲ್ ಪಂಪಿನ ಡಯಾಫ್ರಮ್ ಹರಿದಿದೆ. ಎರಡರಲ್ಲಿ ಯಾವುದಾದರೂ ಆ ಆಯಿಲ್ ಇಟ್ಟುಕೊಂಡು ಎಂಜಿನ್ ತಿರುಗಿಸಬೇಡಿ.

ನಾಲ್ಕು ಪ್ಲಗ್ ಬಿಚ್ಚಿ ಸಿಲಿಂಡರ್ ಕ್ರಮದಲ್ಲೇ ಸಾಲಾಗಿ ಇಡಿ. ರೇಡಿಯೇಟರ್ ಪಕ್ಕದ್ದು 1ನೇ ಸಿಲಿಂಡರ್. ಒಂದೇ ಪ್ಲಗ್ಗಿನ ಮೂತಿ ತೊಳೆದಂತೆ ಬಿಳುಪಾಗಿದ್ದರೆ ಆ ಸಿಲಿಂಡರಿಗೆ ನೀರು ಹೋಗಿದೆ. ಜಿಡ್ಡಿನ ಕಪ್ಪು ಆಯಿಲ್‌ನದು, ಒಣ ಮಸಿ ಹೆಚ್ಚಾದ ಪೆಟ್ರೋಲಿನದು. ಮೊಬೈಲ್‌ಗೆ ಜೋಡಿಸುವ ಸಣ್ಣ ಬೋರ್‌ಸ್ಕೋಪ್ ಸಿಕ್ಕರೆ ಪ್ಲಗ್ ತೂತಿನಿಂದ ಬೋರ್ ನೋಡಿ. ಎಂಜಿನ್ ಯಾವ ಸ್ಥಾನದಲ್ಲಿ ನಿಂತಿದ್ದರೂ ಒಂದಲ್ಲ ಒಂದು ಸಿಲಿಂಡರಿನ ವಾಲ್ವ್ ತೆರೆದೇ ಇರುತ್ತದೆ. ಸೈಲೆನ್ಸರ್ ಮೂಲಕ ತೇವದ ಗಾಳಿ ಒಳಹೊಕ್ಕು ಅದೇ ಬೋರ್ ತುಕ್ಕು ಹಿಡಿಯುತ್ತದೆ. ಮೂರು ಬೋರ್ ಹೊಳೆಯುತ್ತ ಒಂದೇ ಕೆಂಪಾಗಿದ್ದರೆ ಕಾರಣ ಇದೇ.

ಆಮೇಲೆ ರಾಕರ್ ಕವರ್ ತೆಗೆದು ಒಂದೊಂದು ವಾಲ್ವಿನ ತುದಿಯನ್ನೂ ಮರದ ಹಿಡಿಯಿಂದ ಹಗುರವಾಗಿ ತಟ್ಟಿ. ಸ್ಪ್ರಿಂಗಿನೊಡನೆ ಒಳಹೋಗಿ ಮೇಲೆ ಬರಬೇಕು. ಕೆಳಗೇ ಸಿಕ್ಕಿಕೊಂಡ ವಾಲ್ವ್ ಇದ್ದಾಗ ಸೆಲ್ಫ್ ಹೊಡೆದರೆ ಪುಶ್ ರಾಡ್ ಬಾಗುತ್ತದೆ. ಗೈಡಿಗೆ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ಒಂದು ರಾತ್ರಿ ಕಾಯಿರಿ.

ಇಲ್ಲೊಂದು ಎಚ್ಚರಿಕೆ. ರಾಕರ್ ಶಾಫ್ಟ್ ಹಿಡಿದಿರುವ ನಟ್‌ಗಳಲ್ಲಿ ಒಂದು ಸಾಲು ಹೆಡ್ಡನ್ನೂ ಹಿಡಿದಿರುತ್ತದೆ. ಬರೀ ರಾಕರ್ ಬಿಚ್ಚುತ್ತೇನೆಂದು ಅವನ್ನು ಸಡಿಲಿಸಿದರೆ ಹೆಡ್ ಒಂದು ಬದಿಗೆ ಎಳೆದು ಗ್ಯಾಸ್ಕೆಟ್ ಸೋರತೊಡಗುತ್ತದೆ. ರಾಕರ್ ಶಾಫ್ಟ್ ತೆಗೆಯುವುದಾದರೆ ರೇಡಿಯೇಟರ್ ನೀರು ಖಾಲಿ ಮಾಡಿ, ಹೆಡ್‌ನ ಎಲ್ಲ ನಟ್‌ಗಳನ್ನೂ ಸ್ವಲ್ಪ ಸ್ವಲ್ಪವಾಗಿ ಸಮನಾಗಿ ಸಡಿಲಿಸಿ. ಈ ಎಂಜಿನ್ನಿನಲ್ಲಿ ಕಾರಣ ಸಿಗದ ಎಷ್ಟೋ ನೀರಿನ ಸೋರಿಕೆ ಶುರುವಾಗುವುದು ಇಲ್ಲಿಂದಲೇ.

ಎಂಜಿನ್ ಜಾಮ್ ಆಗಿದೆ

ಡೀಸೆಲ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಟಿಎಫ್ ಆಯಿಲ್ ಸಮಪಾಲು ಬೆರೆಸಿ ಒಂದೊಂದು ಬೋರಿಗೂ 50 ಮಿ.ಲೀ. ಹಾಕಿ. ಮೂರರಿಂದ ಐದು ದಿನ ಬಿಡಿ. ದಿನಕ್ಕೊಮ್ಮೆ ಮುಂದಿನ ಹ್ಯಾಂಡಲ್ ಹಾಕಿ ಬೆರಳಗಲ ಆಡಿಸಿ. ಹ್ಯಾಂಡಲ್ಲಿಗೆ ಪೈಪ್ ತೊಡಿಸಿ ಜಗ್ಗುವುದು, ಗೇರ್‌ನಲ್ಲಿಟ್ಟು ಕಾರು ತಳ್ಳುವುದು ಬೇಡ. ರಿಂಗ್ ಮುರಿದು ಪಿಸ್ಟನ್ನಿನ ಅಂಚೂ ಹೋಗುತ್ತದೆ. ವಾರವಾದರೂ ಅಲುಗದಿದ್ದರೆ ಹೆಡ್ ತೆಗೆಯಲೇಬೇಕು.

ಬಿಟ್ಟಿತು ಅನ್ನಿಸಿದ ಮೇಲೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಬೋರಿಗೆ ಹಾಕಿದ ಡೀಸೆಲ್ ಅಷ್ಟೂ ಕೆಳಗಿನ ಸಂಪಿಗೆ ಇಳಿದಿರುತ್ತದೆ. ಹೊಸದು 20W-50, ಸುಮಾರು 4 ಲೀಟರ್. ಪ್ಲಗ್ ಹಾಕದೆಯೇ ಸೆಲ್ಫ್ ಹೊಡೆದು ಆಯಿಲ್ ಪ್ರೆಶರ್ ಏರುವುದನ್ನು ನೋಡಿ. 10 ಸೆಕೆಂಡ್ ಹೊಡೆದು ಒಂದು ನಿಮಿಷ ಬಿಡಿ. ಐದಾರು ಸಲ ಹೊಡೆದರೂ ಮುಳ್ಳು ಅಲುಗದಿದ್ದರೆ ಪಂಪ್ ಒಣಗಿದೆ. ಪಂಪಿಗೆ ಆಯಿಲ್ ತುಂಬಿ, ಇಲ್ಲವೇ ಬಿಚ್ಚಿ ಒಳಗೆ ವ್ಯಾಸಲೀನ್ ಮೆತ್ತಿ ಕೂರಿಸಿದರೆ ಮತ್ತೆ ಎಳೆಯುತ್ತದೆ.

ತಿರುಗುತ್ತದೆ, ಹತ್ತುವುದಿಲ್ಲ

ಟ್ಯಾಂಕಿನ ಹಳೆಯ ಪೆಟ್ರೋಲನ್ನು ನಂಬಬೇಡಿ. ಅದು ಬೆಲ್ಲದ ಪಾಕದಂತೆ ಜೆಟ್ಟಿನಲ್ಲಿ ಗಟ್ಟಿಯಾಗಿರುತ್ತದೆ. ಒಂದು ಲೀಟರ್ ಹೊಸ ಪೆಟ್ರೋಲನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಎಂಜಿನ್ನಿನಿಂದ ದೂರವಿಟ್ಟು ಪಂಪಿನ ಒಳಮುಖದ ಪೈಪಿಗೆ ಜೋಡಿಸಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಕಿಡಿ ನೋಡುವಾಗ ಬಣ್ಣ ಗಮನಿಸಿ. ದಪ್ಪ ನೀಲಿ ಕಿಡಿ ಚಟ್ ಎಂದು ಸದ್ದು ಮಾಡುತ್ತದೆ, ಅದು ಸರಿ. ಬಡಕಲು ಹಳದಿ ಕಿಡಿ ಇದ್ದರೆ ಡಿಸ್ಟ್ರಿಬ್ಯೂಟರಿನೊಳಗೆ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಸಿಬಿ ಪಾಯಿಂಟ್ ಉಜ್ಜಿ 0.35ರಿಂದ 0.40 ಮಿ.ಮೀ. ಅಂತರಕ್ಕೆ ಹೊಂದಿಸಿ. ಪಾಯಿಂಟಿನ ಮುಖ ಸುಟ್ಟು ನೀಲಿಗಟ್ಟಿದ್ದರೆ ಕಂಡೆನ್ಸರ್ ಹೋಗಿದೆ. ಕಂಡೆನ್ಸರ್ ದೋಷದ ಗುರುತೇ ಬೇರೆ: ತಣ್ಣಗಿದ್ದಾಗ ಎಂಜಿನ್ ಓಡುತ್ತದೆ, ಬಿಸಿಯಾದ ಮೇಲೆ ಸಾಯುತ್ತದೆ, ಅರ್ಧ ಗಂಟೆ ಬಿಟ್ಟರೆ ಮತ್ತೆ ಹತ್ತುತ್ತದೆ. ಪ್ಲಗ್ ಅಂತರ 0.64 ಮಿ.ಮೀ., ಅಂದರೆ 25 ಥೌ.

ವೈರಿಂಗ್ ಬದಲಾದ ಹಳೆಯ ಕಾರಿನಲ್ಲಿ ಅರ್ತ್ ಯಾವುದೆಂದು ಮೊದಲು ನೋಡಿ. ಮೂಲತಃ ಪಾಸಿಟಿವ್ ಅರ್ತ್ ಇದ್ದ ಕಾರನ್ನು ಯಾರೋ ನೆಗೆಟಿವ್‌ಗೆ ತಿರುಗಿಸಿ ಕಾಯಿಲ್‌ನ ಎರಡು ವೈರನ್ನು ಹಾಗೇ ಬಿಟ್ಟಿರುತ್ತಾರೆ. ಆಗಲೂ ಎಂಜಿನ್ ಓಡುತ್ತದೆ, ಆದರೆ ಕಿಡಿ ದುರ್ಬಲವಾಗಿ ಭಾರ ಬಿದ್ದಾಗ ಮಿಸ್ ಆಗುತ್ತದೆ.

ಫೈರಿಂಗ್ ಆರ್ಡರ್ 1-3-4-2. ಮೇಲಿನಿಂದ ನೋಡಿದರೆ ರೋಟರ್ ಗಡಿಯಾರಕ್ಕೆ ಎದುರಾಗಿ ತಿರುಗುತ್ತದೆ. ಸೈಲೆನ್ಸರಿನಲ್ಲಿ ಢಂ ಎಂದು ಒಡೆದು ಕಾರ್ಬುರೇಟರಿಂದ ಉಗುಳಿದರೆ ಡಿಸ್ಟ್ರಿಬ್ಯೂಟರ್ 180 ಡಿಗ್ರಿ ತಪ್ಪಿ ಕೂತಿರಬಹುದು. ಪುಲಿಯ ಗುರುತು ಟೈಮಿಂಗ್ ಕವರಿನ ಮೊನೆಗೆ ಬಂದಾಗ 4ನೇ ಸಿಲಿಂಡರಿನ ವಾಲ್ವ್‌ಗಳು ಜೊತೆಯಾಗಿ ಅಲುಗುತ್ತಿದ್ದರೆ ಮಾತ್ರ 1ನೆಯದು ಕಿಡಿಯ ಸ್ಥಾನದಲ್ಲಿದೆ. ಬರೀ ಪುಲಿ ನೋಡಿ ಕೂರಿಸಿದವರು ಇಲ್ಲೇ ತಪ್ಪುತ್ತಾರೆ.

ಎಸ್‌ಯು ಎಂಬ ಬಗೆಯ ಕಾರ್ಬುರೇಟರ್ ಇದ್ದರೆ ಅದರ ಪಿಸ್ಟನ್ನನ್ನು ಬೆರಳಲ್ಲಿ ಎತ್ತಿ ಬಿಡಿ. ಜಾರಿ ಇಳಿದು ಕೊನೆಗೆ ಟಕ್ ಎಂದು ಸದ್ದಾಗಬೇಕು. ಸದ್ದಿಲ್ಲದೆ ಮೆತ್ತಗೆ ನಿಂತರೆ ನೀಡಲ್ ಜೆಟ್ಟಿಗೆ ಉಜ್ಜುತ್ತಿದೆ, ಜೆಟ್ ನಡುವಿಗೆ ತರಬೇಕು. ಶುರುವಿಗೆ ಜೆಟ್ಟಿನ ನಟ್ಟನ್ನು ಪೂರ್ತಿ ಮೇಲಕ್ಕೆ ತಂದು, ಅಲ್ಲಿಂದ ಎರಡು ಸುತ್ತು ಕೆಳಗಿಳಿಸಿ. ಬಿಸಿಯಾದ ಮೇಲೆ ಪಿಸ್ಟನ್ನನ್ನು 1 ಮಿ.ಮೀ.ಗೂ ಕಡಿಮೆ ಎತ್ತಿ ನೋಡಿ. ವೇಗ ಏರಿ ಹಾಗೇ ಉಳಿದರೆ ಪೆಟ್ರೋಲ್ ಹೆಚ್ಚು, ಎಂಜಿನ್ ಸತ್ತರೆ ಕಡಿಮೆ, ಕ್ಷಣಕಾಲ ಏರಿ ಮೊದಲಿನಂತಾದರೆ ಸರಿ.

ಈಗಿನ ಪೆಟ್ರೋಲಿನ ವಿಷಯವನ್ನೂ ಇಲ್ಲೇ ಹೇಳಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಯಕ್ರಮದಲ್ಲೇ ಚಾಲನೆಗೊಂಡ ಇ20 ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಇರುತ್ತದೆ. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ಬರುವುದರಿಂದ ಹಳೆಯ ಜೆಟ್ ಅಳತೆಗೆ ಮಿಶ್ರಣ ತೆಳುವಾಗುತ್ತದೆ. ನಟ್ಟಿನ ಆರು ಮೂಲೆಯಲ್ಲಿ ಒಂದೆರಡು ಮೂಲೆಯಷ್ಟು ಕೆಳಗಿಳಿಸಿ ಪ್ಲಗ್ ಬಣ್ಣ ನೋಡಿ. ಹಳೆಯ ರಬ್ಬರ್ ಹೋಸ್, ಪಂಪ್ ಡಯಾಫ್ರಮ್ ಎರಡನ್ನೂ ಎಥನಾಲ್ ತಡೆಯುವ ಬಗೆಯದಕ್ಕೆ ಬದಲಿಸದೆ ರಸ್ತೆಗಿಳಿಸಬೇಡಿ. ಮೆತ್ತಗಾದ ಹೋಸ್ ಹರಿದರೆ ಪೆಟ್ರೋಲ್ ಬೀಳುವುದು ಬಿಸಿ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ.

ಓಡುತ್ತದೆ, ಪಿಕಪ್ ಇಲ್ಲ

ಇಡೀ ಕೆಲಸದ ನಿರ್ಧಾರ ನಿಂತಿರುವುದು ಇಲ್ಲಿ. ಗೇಜ್ ಹಿಡಿಯುವ ಮೊದಲು ಹ್ಯಾಂಡಲ್ ಹಿಡಿಯಿರಿ. ಪ್ಲಗ್‌ಗಳನ್ನು ಹಾಕಿ, ಇಗ್ನಿಷನ್ ಆಫ್ ಮಾಡಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟು ನಿಧಾನ ತಿರುಗಿಸಿ. ಅರ್ಧ ಸುತ್ತಿಗೊಮ್ಮೆ ಕೈಗೆ ಒಂದು ಗಟ್ಟಿ ತಡೆ ಸಿಗುತ್ತದೆ, ಚೆಂಡು ಒತ್ತಿದ ಹಾಗೆ ಪುಟಿಯುತ್ತದೆ. ಎರಡು ಸುತ್ತಿಗೆ ನಾಲ್ಕು ತಡೆ. ಅದರಲ್ಲಿ ಒಂದು ಸದ್ದಿಲ್ಲದೆ ಜಾರಿ ಹೋದರೆ ದೋಷದ ಸಿಲಿಂಡರ್ ಅಲ್ಲೇ ಗೊತ್ತಾಯಿತು. ಆಗಲೇ ಕಿವಿಗೊಟ್ಟು ಕೇಳಿ. ಕಾರ್ಬುರೇಟರಿನಲ್ಲಿ ಸುಯ್ ಎಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರಿನಲ್ಲಾದರೆ ಎಗ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಾದರೆ ರಿಂಗ್.

ಮುಂದೆ ಟ್ಯಾಪೆಟ್, ಅಂದರೆ ರಾಕರ್ ಮತ್ತು ವಾಲ್ವ್ ತುದಿಯ ನಡುವಿನ ಅಂತರ. ತಣ್ಣಗಿನ ಎಂಜಿನ್ನಿನಲ್ಲಿ 15 ಥೌ, ಅಂದರೆ 0.38 ಮಿ.ಮೀ. ಲೆಕ್ಕ ಸುಲಭ: ಮುಂದಿನಿಂದ ಎಣಿಸಿದ ವಾಲ್ವ್ ಸಂಖ್ಯೆಗಳ ಮೊತ್ತ 9 ಬರಬೇಕು. 8ನೆಯದು ಪೂರ್ತಿ ತೆರೆದಾಗ 1ನ್ನು ಹೊಂದಿಸಿ, 6 ತೆರೆದಾಗ 3ನ್ನು, 5 ತೆರೆದಾಗ 4ನ್ನು. ಇದನ್ನು ಮುಗಿಸದೆ ಕಂಪ್ರೆಶನ್ ಅಳೆದರೆ ಬಿಗಿಯಾದ ಟ್ಯಾಪೆಟ್ ಕೂಡ ಸುಟ್ಟ ವಾಲ್ವಿನಂತೆಯೇ ಕಾಣುತ್ತದೆ.

ಕಂಪ್ರೆಶನ್ ಅಳೆಯುವಾಗ ಎಂಜಿನ್ ಬಿಸಿ ಇರಲಿ, ನಾಲ್ಕೂ ಪ್ಲಗ್ ಹೊರಗಿರಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿರಲಿ, ಬ್ಯಾಟರಿ ಚಾರ್ಜ್ ಆಗಿರಲಿ. ಕಾಯಿಲ್‌ನ ವೈರ್ ಬಿಚ್ಚಿಡಿ. 7.2ರ ಕಂಪ್ರೆಶನ್ ಅನುಪಾತದ (ಪಿಸ್ಟನ್ ಗಾಳಿಯನ್ನು 7.2ರಲ್ಲಿ ಒಂದು ಪಾಲಿಗೆ ಒತ್ತುವ) ಒಳ್ಳೆಯ ಎಂಜಿನ್ ಸಮುದ್ರಮಟ್ಟದಲ್ಲಿ 120 ಪಿಎಸ್‌ಐ ಆಸುಪಾಸು ತೋರಿಸುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡವೇ ಶೇ 10ರಷ್ಟು ಕಡಿಮೆ. ಮಂಗಳೂರಿನಲ್ಲಿ 120 ತೋರಿಸಿದ ಎಂಜಿನ್ ಬೆಂಗಳೂರಿನಲ್ಲಿ 108 ತೋರಿಸಿದರೆ ಗಾಬರಿಯಾಗಬೇಡಿ. ಒಟ್ಟು ಅಂಕಿಗಿಂತ ನಾಲ್ಕು ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಅದು ಶೇ 10ರೊಳಗಿರಲಿ.

ಕಡಿಮೆ ತೋರಿಸಿದ ಬೋರಿಗೆ ಒಂದು ಚಹಾ ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಒಮ್ಮೆಲೇ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಅಲುಗದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದು ಆಯಿಲ್ ಹಾಕಿದರೂ ಏರದಿದ್ದರೆ ನಡುವಿನ ಗ್ಯಾಸ್ಕೆಟ್ ಸುಟ್ಟಿದೆ.

2 ಮತ್ತು 3ನ್ನು ವಿಶೇಷವಾಗಿ ಗಮನಿಸಿ. ಈ ಹೆಡ್ಡಿನಲ್ಲಿ ಎಗ್ಸಾಸ್ಟಿಗೆ ಮೂರೇ ದಾರಿ, ನಡುವಿನ ದಾರಿಯನ್ನು 2 ಮತ್ತು 3 ಹಂಚಿಕೊಂಡಿವೆ. ಶಾಖವೆಲ್ಲ ಅಲ್ಲೇ ಕೂಡುವುದರಿಂದ ಅಲ್ಲಿನ ವಾಲ್ವ್ ಮೊದಲು ಸುಡುತ್ತದೆ. ಇನ್‌ಲೆಟ್ ದಾರಿ ಎರಡೇ, 1-2ಕ್ಕೆ ಒಂದು, 3-4ಕ್ಕೆ ಒಂದು. ಕಂಪ್ರೆಶನ್ ಚೆನ್ನಾಗಿದ್ದೂ 1 ಮತ್ತು 2 ಜೊತೆಯಾಗಿ ಮಿಸ್ ಆದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಆ ತುದಿಯಲ್ಲಿ ಗಾಳಿ ಎಳೆಯುತ್ತಿದೆ. ಎಂಜಿನ್ ಇನ್ನೂ ತಣ್ಣಗಿರುವಾಗಲೇ ಐಡ್ಲಿಂಗಿನಲ್ಲಿ ಆ ಜೋಡಣೆಗೆ ಸ್ವಲ್ಪ ಸೋಪುನೀರು ಚಿಮುಕಿಸಿದರೆ ಓಟ ಬದಲಾಗಿ ಜಾಗ ತೋರಿಸುತ್ತದೆ.

ಟ್ಯಾಪೆಟ್ ಹೊಂದಿಸಿದ ಕೆಲವೇ ನೂರು ಕಿ.ಮೀ.ಗೆ ಎಗ್ಸಾಸ್ಟ್ ಕಡೆಯ ಅಂತರ ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ ವಾಲ್ವ್ ಸೀಟ್ ಒಳಕ್ಕೆ ಕುಸಿಯುತ್ತಿದೆ. ಈ ಎರಕದ ಕಬ್ಬಿಣದ ಹೆಡ್ ಸೀಸವಿದ್ದ ಪೆಟ್ರೋಲಿನ ಕಾಲದ್ದು. 2000ದಲ್ಲಿ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲ್ ಬಂದ ಮೇಲೆ ಸೀಟಿಗೆ ಆ ರಕ್ಷಣೆ ಇಲ್ಲ. ಮನೆ ಬಳಕೆಯ ಓಡಾಟಕ್ಕೆ ಹಾಗೂ ಹೀಗೂ ನಡೆಯುತ್ತದೆ, ಹಾಟ್ ರಾಡ್‌ಗೆ ನಡೆಯುವುದಿಲ್ಲ. ಹೆಡ್ ಹೇಗೂ ಬಿಚ್ಚಿದಾಗ ನಾಲ್ಕು ಎಗ್ಸಾಸ್ಟಿಗೂ ಗಟ್ಟಿ ಸೀಟ್ ಕೂರಿಸಿಬಿಡಿ.

ಆಯಿಲ್ ಪ್ರೆಶರ್, ಸದ್ದು, ಹೊಗೆ

ಡ್ಯಾಶ್‌ಬೋರ್ಡಿನ ದೀಪ ಅಥವಾ ಹಳೆಯ ಮೀಟರ್ ಸಾಲದು, ಮೆಕ್ಯಾನಿಕಲ್ ಗೇಜ್ ಜೋಡಿಸಿ. ಬಿಸಿ ಎಂಜಿನ್ ರಸ್ತೆಯ ವೇಗದಲ್ಲಿ 50 ಪಿಎಸ್‌ಐ ಆಸುಪಾಸು, ಐಡ್ಲಿಂಗಿನಲ್ಲಿ 15ಕ್ಕೆ ಕಡಿಮೆಯಿಲ್ಲದೆ ತೋರಿಸಬೇಕು. ತಣ್ಣಗಿದ್ದಾಗಲೂ ಕಡಿಮೆಯಿದ್ದರೆ ಬ್ಲಾಕಿನ ಹಿಂಬದಿಯ ಗುಮ್ಮಟದಂಥ ನಟ್ ಬಿಚ್ಚಿ ರಿಲೀಫ್ ವಾಲ್ವ್ ನೋಡಿ. ಕಸ ಸಿಕ್ಕಿ ಅರ್ಧ ತೆರೆದು ನಿಂತಿರುತ್ತದೆ. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದ ಮೇಲೆ ಕುಸಿದರೆ ಬೇರಿಂಗ್ ಸವೆದಿದೆ. ಅದನ್ನು ದಪ್ಪ ಆಯಿಲ್ ಹಾಕಿ ಮುಚ್ಚಬೇಡಿ.

ಭಾರ ಬಿದ್ದಾಗ ಸುತ್ತಿಗೆ ಬಡಿದಂತೆ ಸದ್ದು ಬಂದು, ಒಂದು ಪ್ಲಗ್ಗಿನ ವೈರ್ ತೆಗೆದಾಗ ಅದು ತಗ್ಗಿದರೆ ಆ ಸಿಲಿಂಡರಿನ ಬಿಗ್ ಎಂಡ್, ಅಂದರೆ ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಬೇರಿಂಗ್. ಆಳದಿಂದ ಬರುವ ಮಂಕು ಗುದ್ದು ಮೇನ್ ಬೇರಿಂಗಿನದು. ವೈರ್ ತೆಗೆಯಲು ಇನ್ಸುಲೇಟೆಡ್ ಕಟಿಂಗ್ ಪ್ಲೇಯರನ್ನೇ ಬಳಸಿ.

ನೀಲಿ ಹೊಗೆ ಯಾವಾಗ ಬರುತ್ತದೆ ಎಂಬುದೇ ಉತ್ತರ. ಬೆಳಗಿನ ಮೊದಲ ಸ್ಟಾರ್ಟಿಗೆ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಬಂದರೆ ವಾಲ್ವ್ ಗೈಡ್. ಏರಿನಲ್ಲಿ ಒತ್ತಿದಾಗ ಬಂದರೆ ರಿಂಗ್.

ಗೇರ್‌ಬಾಕ್ಸ್ ಸೇರುವಲ್ಲಿ ಆಯಿಲ್ ತೊಟ್ಟಿಕ್ಕಿದರೆ ಬೇಗನೆ ಎಂಜಿನ್ ಇಳಿಸಬೇಡಿ. ಅಲ್ಲಿ ರಬ್ಬರ್ ಸೀಲ್ ಇಲ್ಲ, ಕ್ರ್ಯಾಂಕಿನ ಮೇಲೆ ಕೊರೆದ ಸುರುಳಿ ಮರೆಯೇ (ಸ್ಕ್ರೂನಂಥ ಗೆರೆ) ಆಯಿಲನ್ನು ಒಳಗೆ ತಿರುಗಿ ಕಳಿಸುತ್ತದೆ. ರಿಂಗ್ ಸವೆದು ಒಳಗಾಳಿಯ ಒತ್ತಡ ಹೆಚ್ಚಿದರೆ ಅಥವಾ ಬ್ರೀದರ್ ಪೈಪ್ ಕಟ್ಟಿದರೆ ಆ ಮರೆ ಸೋಲುತ್ತದೆ. ಮೊದಲು ಬ್ರೀದರ್ ತೊಳೆಯಿರಿ.

ಬಿಸಿಯಾಗುತ್ತದೆ

ರೇಡಿಯೇಟರ್ ತೊಳೆಸಿ ಥರ್ಮೋಸ್ಟಾಟ್ ಬದಲಿಸಿದ ಮೇಲೂ ಮುಳ್ಳು ಏರಿದರೆ ಬ್ಲಾಕಿನ ಹಿಂಭಾಗ ನೋಡಿ. ತುಕ್ಕಿನ ಕೆಸರೆಲ್ಲ 4ನೇ ಸಿಲಿಂಡರಿನ ಸುತ್ತ ಕೂಡುತ್ತದೆ. ಡ್ರೈನ್ ಟ್ಯಾಪ್ ಬಿಚ್ಚಿದರೂ ನೀರು ಬಾರದಿದ್ದರೆ ಕೆಸರು ಅಷ್ಟೆತ್ತರಕ್ಕೆ ನಿಂತಿದೆ ಎಂದರ್ಥ. ತಂತಿಯಿಂದ ಕೆದಕಿ, ಬ್ಲಾಕಿನ ಬದಿಯ ವೆಲ್ಚ್ ಪ್ಲಗ್ (ನೀರಿನ ದಾರಿಯ ತೂತು ಮುಚ್ಚಿದ ಲೋಹದ ಬಿಲ್ಲೆ) ತೆಗೆದು ನೀರಿನ ಪೈಪ್ ಹಿಡಿದು ತೊಳೆಯಿರಿ. ಕಿಡಿಯ ಟೈಮಿಂಗ್ ಹಿಂದಾಗಿದ್ದರೂ ಮಿಶ್ರಣ ತೆಳುವಾಗಿದ್ದರೂ ಎಂಜಿನ್ ಕಾಯುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ರೇಡಿಯೇಟರ್ ಬಾಯಲ್ಲಿ ಗುಳ್ಳೆ ಎದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್.

ಬಿಚ್ಚಿದ ಮೇಲೆ

ಬೋರನ್ನು ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಅಳೆಯಿರಿ. ವ್ಯತ್ಯಾಸ 10 ಥೌ ಮುಟ್ಟಿದ್ದರೆ ರೀಬೋರ್ (ಬೋರನ್ನು ಕೊರೆದು ಅಗಲಿಸುವುದು) ಬಿಟ್ಟು ದಾರಿಯಿಲ್ಲ. ಪಿಸ್ಟನ್ ಕೈಗೆ ಬರುವವರೆಗೆ ಬೋರ್ ಕೊರೆಸಬೇಡಿ. 20, 30, 40 ಥೌ ಎಂದು ಪೆಟ್ಟಿಗೆಯ ಮೇಲಿದ್ದರೂ ನಿಜವಾದ ಅಳತೆ ಪಿಸ್ಟನ್ನಿನದೇ. ಹೊಸ ರಿಂಗನ್ನು ಬೋರಿನೊಳಗೆ ನೇರ ಕೂರಿಸಿದಾಗ ಅದರ ಎರಡು ತುದಿಗಳ ನಡುವಿನ ಬಾಯಿ 8ರಿಂದ 13 ಥೌ ಇರಲಿ. ಕ್ರ್ಯಾಂಕಿನ ಮೂಲ ಅಳತೆ ಮೇನ್‌ಗೆ 50.8 ಮಿ.ಮೀ., ಬಿಗ್ ಎಂಡ್‌ಗೆ ಸುಮಾರು 47.6. ಮುಂದು-ಹಿಂದಿನ ಆಟ 2ರಿಂದ 3 ಥೌ, ಅದನ್ನು ಹಿಡಿಯುವ ಥ್ರಸ್ಟ್ ವಾಷರ್ ನಡುವಿನ ಮೇನ್‌ನಲ್ಲಿದೆ.

ಮೇನ್ ನಟ್ 70 ಪೌಂಡ್-ಅಡಿ, ಬಿಗ್ ಎಂಡ್ 35, ಹೆಡ್ 40. ಹೆಡ್ಡನ್ನು ನಡುವಿನಿಂದ ಹೊರಕ್ಕೆ ಮೂರು ಸುತ್ತಿನಲ್ಲಿ ಬಿಗಿಸಿ. ಗ್ಯಾಸ್ಕೆಟ್ ಮತ್ತೆ ಮತ್ತೆ ಹೋಗುತ್ತಿದ್ದರೆ ಸ್ಟಡ್ ತೂತಿನ ಅಂಚು ನೋಡಿ. ಎಳೆತಕ್ಕೆ ಲೋಹ ಉಬ್ಬಿ ಗುಡ್ಡೆಯಾಗಿರುತ್ತದೆ. ಹೆಡ್ ಎಷ್ಟು ಉಜ್ಜಿಸಿದರೂ ಆ ಗುಡ್ಡೆ ಕೆರೆಯದೆ ಸೀಲ್ ಆಗುವುದಿಲ್ಲ.

ಹಾಟ್ ರಾಡ್ ಬದಲಾವಣೆ ಮತ್ತು ಅದರ ದೋಷಗಳು

ಕಂಪ್ರೆಶನ್ ಏರಿಸಲು ಕಣ್ಣಳತೆಯಲ್ಲಿ ಹೆಡ್ ಉಜ್ಜಿಸಬೇಡಿ. ಒಂದು ಸಿಲಿಂಡರ್ 372 ಸಿಸಿ. 7.2ರ ಅನುಪಾತಕ್ಕೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಒಟ್ಟು ಜಾಗ 60 ಸಿಸಿ, 8.3ಕ್ಕೆ 51. ಅಂದರೆ ಕಡಿಮೆ ಮಾಡಬೇಕಾದ್ದು 9 ಸಿಸಿ. ಹೆಡ್ ಮಗುಚಿ, ವಾಲ್ವ್ ಮತ್ತು ಪ್ಲಗ್ ಹಾಕಿ, ತೂತಿರುವ ಅಕ್ರಿಲಿಕ್ ಹಾಳೆಯನ್ನು ಗ್ರೀಸ್‌ನಲ್ಲಿ ಅಂಟಿಸಿ, ಸಿರಿಂಜಿನಿಂದ ಸೀಮೆಎಣ್ಣೆ ತುಂಬಿ ಪ್ರತಿ ಚೇಂಬರ್ ಅಳೆಯಿರಿ. ನಾಲ್ಕೂ ಅರ್ಧ ಸಿಸಿಯೊಳಗೆ ಸಮನಾಗಿರಲಿ. ಉಜ್ಜಿಸಿದ ಮೇಲೆ ಏರಿನಲ್ಲಿ ಕಾಳು ಉದುರಿದಂತೆ ಸದ್ದು ಬಂದರೆ ಟೈಮಿಂಗ್ 2 ಡಿಗ್ರಿ ಹಿಂದಕ್ಕಿಡಿ. ಆದರೂ ನಿಲ್ಲದಿದ್ದರೆ ಡಿಸ್ಟ್ರಿಬ್ಯೂಟರಿನೊಳಗಿನ ಸ್ಪ್ರಿಂಗ್ ಸಡಿಲವಾಗಿ ಅಡ್ವಾನ್ಸ್ ಬೇಗ ಬರುತ್ತಿದೆ.

ಜೋಡಿ ಎಸ್‌ಯು ಹಾಕಿ ಐಡ್ಲಿಂಗ್ ಕುಂಟಿದರೆ ಜೆಟ್ ಮುಟ್ಟುವ ಮೊದಲು ಎರಡರ ಗಾಳಿ ಸಮ ಮಾಡಿ. ಸಣ್ಣ ಹೋಸ್‌ನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರ್ ಬಾಯಿಗೆ ಹಿಡಿದರೆ ಸದ್ದಿನ ವ್ಯತ್ಯಾಸ ಸಾಕಷ್ಟು ಸ್ಪಷ್ಟ.

ಮೂರು ಬೇರಿಂಗಿನ ಕ್ರ್ಯಾಂಕ್ ಹೆಚ್ಚು ವೇಗದಲ್ಲಿ ಬಳುಕುತ್ತದೆ. ಎಂಜಿಎ 1500 ಕೂಡ ತನ್ನ ಪೂರ್ತಿ ಶಕ್ತಿ ಕೊಟ್ಟಿದ್ದು 5500 ಆರ್‌ಪಿಎಂನಲ್ಲಿ. ಅದನ್ನೇ ಮೇಲಿನ ಗಡಿಯೆಂದು ಟ್ಯಾಕೋಮೀಟರ್ ಮೇಲೆ ಕೆಂಪು ಗೆರೆ ಎಳೆಯಿರಿ. ಬಾಡಿ ಕತ್ತರಿಸುವ ಅಥವಾ ಬೇರೆ ಎಂಜಿನ್ ಕೂರಿಸುವ ಯೋಚನೆಯಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಕೆಲಸಕ್ಕೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಹೊಸ ಕ್ಯಾಮ್ ಹಾಕಿದ್ದರೆ ಮೊದಲ ಸ್ಟಾರ್ಟಿನಲ್ಲೇ 20 ನಿಮಿಷ 2000 ಆರ್‌ಪಿಎಂ ಸುತ್ತ ಇಡಿ. ಐಡ್ಲಿಂಗಿನಲ್ಲಿ ಬಿಟ್ಟರೆ ಆಯಿಲ್ ಸಾಕಷ್ಟು ಸಿಡಿಯದೆ ಲೋಬ್ ಉಜ್ಜಿಹೋಗುತ್ತದೆ. 500 ಕಿ.ಮೀ. ಆದ ಮೇಲೆ ಒಂದು ರಾತ್ರಿ ತಣಿಯಲು ಬಿಟ್ಟು ಹೆಡ್ ನಟ್‌ಗಳನ್ನು ಮತ್ತೊಮ್ಮೆ ಬಿಗಿಸಿ. ಅದಾದ ಮೇಲೆ ಟ್ಯಾಪೆಟ್ ಹೊಂದಿಸಿ, ಏಕೆಂದರೆ ಹೆಡ್ ಕೂತಷ್ಟೂ 15 ಥೌ ಇದ್ದ ಅಂತರ ಕಡಿಮೆಯಾಗಿರುತ್ತದೆ. ಕೊನೆಗೆ ಕಂಪ್ರೆಶನ್ ಅಳೆದು ನೋಟ್‌ಬುಕ್ಕಿನ ಮೊದಲ ಪುಟದ ಅಂಕಿಗಳ ಪಕ್ಕದಲ್ಲೇ ಬರೆಯಿರಿ.